ಕ್ಲಚ್ ಸರಿ ಇಲ್ಲ

ನಮ್ಮ ಮನೆಯ ಗಂಡಸರಿಗೆ ಕಾಯಿಲೆ ಬರುವುದಿಲ್ಲ. ಬಂದರೂ ಅದು ನಮ್ಮ ಮೈಯ ತಪ್ಪಲ್ಲ ಎಂಬುದು ತಲೆತಲಾಂತರದ ನಂಬಿಕೆ. ಅಜ್ಜನಿಗೆ ಕಣ್ಣು ಮಂಜಾದಾಗ ಬಲ್ಬಿಗೆ ಕರೆಂಟು ಸಾಲುತ್ತಿಲ್ಲ ಎಂದು ಲೈನ್‌ಮನ್‌ನನ್ನು ಬೈಯುತ್ತಿದ್ದ. ದೊಡ್ಡಪ್ಪನಿಗೆ ಕಿವಿ ಮಂದವಾದಾಗ, ಈ ಮನೆಯಲ್ಲಿ ಎಲ್ಲರೂ ಬಾಯೊಳಗೇ ಗೊಣಗುವುದನ್ನು ಕಲಿತಿದ್ದಾರೆ ಎಂದು ತಕರಾರು ತೆಗೆದ. ಹೀಗಾಗಿ ಎಡಗಾಲಿನ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಮಲಗಿ ಎದ್ದ ಅಪ್ಪ, ಮೊದಲ ಸಲ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕುಳಿತು, ಕುಳಿತಷ್ಟೇ ಬೇಗ ಇಳಿದು ಬಂದು "ಕ್ಲಚ್ ಸರಿ ಇಲ್ಲ" ಎಂದಾಗ ಯಾರೂ ಹುಬ್ಬೇರಿಸಲಿಲ್ಲ. ನಾನಂತೂ ಆಗಲೇ ಸ್ಪ್ಯಾನರ್ ಹುಡುಕಲು ಹೊರಟಿದ್ದೆ.

ನಲ್ಲೂರಿನ ಹತ್ತಿರ ನಮ್ಮದೊಂದು ನರ್ಸರಿ ಇದೆ. ಅಡಿಕೆ ಸಸಿ ಬೆಳೆಸಿ ಮಾರುತ್ತೇವೆ. ಹೊನ್ನಾಳಿ, ನ್ಯಾಮತಿ ಕಡೆಗೆ ಮೊದಲಿನಿಂದಲೂ ನಮ್ಮ ಸಸಿ ಹೋಗುತ್ತಿತ್ತು. ಈಗೀಗ ಜಗಳೂರಿನವರೂ ಕೇಳಿಕೊಂಡು ಬರುತ್ತಾರೆ. ಸಸಿ ಮುಟ್ಟಿಸಿ ಬರುವ ಕೆಲಸವನ್ನು ಅಪ್ಪ ಯಾವತ್ತೂ ಬೇರೆಯವರಿಗೆ ಬಿಟ್ಟವನಲ್ಲ. ಹಳೆಯ ಪಿಕಪ್ಪನ್ನು ತಾನೇ ಓಡಿಸಿಕೊಂಡು ಹೋಗಿ, ಅವರು ತೆಗೆದ ಗುಂಡಿಗಳನ್ನು ನೋಡಿ, ಆಳ ಸಾಲದು ಎಂದು ಬೈದು, ಪಡುವಣ ಬಿಸಿಲಿಗೆ ನೆರಳು ಎಲ್ಲಿಂದ ಮಾಡುತ್ತೀರಿ ಎಂದು ವಿಚಾರಿಸಿ, ಸಮಾಧಾನವಾದ ಮೇಲೆಯೇ ಸಸಿ ಇಳಿಸಲು ಒಪ್ಪುತ್ತಿದ್ದ. ಹಾಗೆ ಬೈಸಿಕೊಂಡವರೇ ಮುಂದಿನ ವರ್ಷ ಮತ್ತೆ ಬರುತ್ತಿದ್ದರು. ಇಳಿಸುವವನು ನಾನು. ಐವತ್ತರ ಹತ್ತಿರ ಬಂದರೂ ನನ್ನ ಹುದ್ದೆಗೆ ಬಡ್ತಿ ಸಿಕ್ಕಿರಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ಬಡ್ತಿ ತಾನಾಗಿಯೇ ಸಿಕ್ಕಿತು. ಸ್ಟೇರಿಂಗ್ ನನ್ನ ಕೈಗೆ ಬಂತು. ನಾನು ಎಂಥ ಡ್ರೈವರ್ ಎಂದರೆ, ಬೇಕಿರಲಿ ಬೇಡವಿರಲಿ, ಎಡಗಾಲನ್ನು ಕ್ಲಚ್ ಪೆಡಲಿನ ಮೇಲಿಂದ ಇಳಿಸುವವನೇ ಅಲ್ಲ. ಯಾರೋ ಕದ್ದುಕೊಂಡು ಹೋಗುತ್ತಾರೆ ಎಂಬಂತೆ ಅದನ್ನು ಮೆಟ್ಟಿಕೊಂಡೇ ಹೋಗುತ್ತೇನೆ. ಅಪ್ಪನ ಕಾಲಲ್ಲಿ ವರ್ಷಾನುಗಟ್ಟಲೆ ಬಾಳಿದ ಕ್ಲಚ್ ಪ್ಲೇಟು ನನ್ನ ಕಾಲಲ್ಲಿ ಒಂದು ಮಳೆಗಾಲವೂ ಬಾಳದೆ ಸುಟ್ಟು ಕರಕಲಾಯಿತು. ಚನ್ನಗಿರಿಯ ಗ್ಯಾರೇಜಿನಲ್ಲಿ ಹೊಸ ಪ್ಲೇಟು ಹಾಕಿಸಿದ್ದಾಯಿತು. ಅದು ಆದ ಮರುವಾರವೇ ಅಪ್ಪ ಸೀಟು ಹತ್ತಿ ಇಳಿದದ್ದು. ಆದ್ದರಿಂದ ಕ್ಲಚ್ಚಿನ ಮೇಲೆ ಗೂಬೆ ಕೂರಿಸಲು ಎಲ್ಲರಿಗೂ ಅನುಕೂಲವಾಗಿಯೇ ಇತ್ತು.

ಕಾಲಿಗೆ ಬಲ ಬಂದಿದೆ, ಇನ್ನು ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೂ ಅಪ್ಪ ನರ್ಸರಿಯ ನೆರಳುಬಲೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಗೆ ಸಿಕ್ಕ ಚೀಲಗಳಲ್ಲಿನ ಕಳೆ ಕೀಳುತ್ತ ಕೂರುತ್ತಿದ್ದ. ನಾನು ಸಸಿ ತುಂಬಿಕೊಂಡು ಹೊರಟಾಗ ಗಾಡಿಯ ಕಡೆ ನೋಡುತ್ತಲೇ ಇರಲಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯತೊಡಗಿತು. ಒಂದು ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದು, "ಅವ್ರು ಗಾಡಿ ಹತ್ತಿದ್ರೇನೇ ಮೊದ್ಲಿನಂಗೆ ಆಗಾದು. ನೀನು ಆ ಕ್ಲಚ್ಚು ಅದೇನೈತೋ ನೋಡಪ್ಪ" ಎಂದಳು. ಅವಳೂ ಕಾಲು ಎನ್ನಲಿಲ್ಲ.

ಕ್ಲಚ್ಚಿನ ವಿಷಯದಲ್ಲಿ ನಾನು ತಜ್ಞನಾಗಿದ್ದೆ. ಗ್ಯಾರೇಜಿನಲ್ಲಿ ಪ್ಲೇಟು ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿದ್ದೆ. ಮಿಕ್ಕದ್ದನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ತುಂಬಿಕೊಂಡಿದ್ದೆ. ವಿಷಯ ಕಷ್ಟದ್ದೇನಲ್ಲ. ಪೆಡಲಿನಿಂದ ಕ್ಲಚ್ಚಿಗೆ ಒಂದು ಕಬ್ಬಿಣದ ರಾಡು ಹೋಗುತ್ತದೆ. ಅದರ ತುದಿಯಲ್ಲೊಂದು ನಟ್ಟು. ನಟ್ಟು ಸಡಿಲ ಮಾಡಿದರೆ, ಪೆಡಲ್ ಒತ್ತಿದಾಗ ಸ್ವಲ್ಪ ದೂರ ಸುಮ್ಮನೆ ಹೋಗಿ ಆಮೇಲೆ ಕೆಲಸ ಶುರು ಮಾಡುತ್ತದೆ. ಆ ಸುಮ್ಮನೆ ಹೋಗುವ ದೂರಕ್ಕೆ ಮೆಕ್ಯಾನಿಕ್‌ಗಳು ಪ್ಲೇ ಎನ್ನುತ್ತಾರೆ. ಬಿಗಿ ಮಾಡುತ್ತ ಹೋದರೆ ಪ್ಲೇ ಕಡಿಮೆಯಾಗಿ, ಪೆಡಲಿಗೆ ಕಾಲು ತಾಗಿಸಿದರೂ ಸಾಕು, ಕ್ಲಚ್ ಕೆಲಸ ಮಾಡುತ್ತದೆ. ಪೆಡಲ್ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದಕ್ಕೆ ಬೇರೆಯೇ ಒಂದು ಬೋಲ್ಟು ಇರುತ್ತದೆ. ಇಷ್ಟು ತಿಳಿದವನು ಸುಮ್ಮನೆ ಕೂರುವುದುಂಟೇ.

ನನ್ನ ಲೆಕ್ಕಾಚಾರ ಹೀಗಿತ್ತು: ಆಪರೇಷನ್ ಆದ ಕಾಲು, ಜೋರಾಗಿ ಒತ್ತಲಾರದು. ಆದ್ದರಿಂದ ಪ್ಲೇ ಪೂರ್ತಿ ತೆಗೆಯಬೇಕು. ಪೆಡಲನ್ನೇ ಮೇಲಕ್ಕೆತ್ತಿ ಅಪ್ಪನ ಪಾದದ ಹತ್ತಿರ ತಂದು ನಿಲ್ಲಿಸಬೇಕು. ಗಾಡಿಯ ಅಡಿಗೆ ಗೋಣಿಚೀಲ ಹಾಸಿಕೊಂಡು ಮಲಗಿ, ಕಣ್ಣಿಗೆ ಮಣ್ಣು, ಬಾಯಿಗೆ ಗ್ರೀಸು ಬೀಳಿಸಿಕೊಂಡು ಹಾಗೇ ಮಾಡಿದೆ. ಅಪ್ಪ ಹತ್ತಿ ಕುಳಿತ. ಅವನ ಕಾಲನ್ನೇ ದಿಟ್ಟಿಸುವುದು ಸರಿಯಲ್ಲವೆಂದು ನಾನು ಮುಂದಿನ ಟೈರನ್ನು ನೋಡುತ್ತ ನಿಂತೆ. ಒಳಗೆ ಏನೋ ತಡಬಡ ಸದ್ದಾಯಿತು. ಅಪ್ಪ ಇಳಿದ. "ಈಗ ಇನ್ನೂ ಕೆಡ್ಸಿಟ್ಟಿದೀಯ" ಎಂದು ಕುರ್ಚಿಗೆ ಹೋದ. ನಾನು ಪೆಡಲನ್ನು ಇನ್ನಷ್ಟು ಏರಿಸಿದೆ. ಮರುದಿನ ಅಪ್ಪ ಹತ್ತಿದ, ನಾನು ಟೈರು ನೋಡಿದೆ, ಅಪ್ಪ ಇಳಿದ. ಆ ಟೈರಿನ ಪ್ರತಿಯೊಂದು ಗೀರೂ ನನಗೆ ಬಾಯಿಪಾಠವಾಯಿತು.

ಕೊನೆಗೆ ಗಾಡಿಯನ್ನು ಚನ್ನಗಿರಿಗೆ ಒಯ್ದೆ. ಮೆಕ್ಯಾನಿಕ್ ನನ್ನ ಕೈಚಳಕ ನೋಡಿ ತಲೆ ಚಚ್ಚಿಕೊಂಡು ಎಲ್ಲವನ್ನೂ ಮೊದಲಿನಂತೆ ಮಾಡಿ, ಓಡಿಸಿ ತೋರಿಸಿ, ಗಾಡಿ ಹೂವಿನಂತಿದೆ, ನಿಮಗೆ ಏನು ಕಷ್ಟ ಎಂದು ಕೇಳಿದ. ಆ ಗ್ಯಾರೇಜಿಗೆ ಅಪ್ಪ ಬಂದರೆ ಕುಳಿತವರು ಎದ್ದು ಜಾಗ ಕೊಡುತ್ತಾರೆ. ಅಂಥ ಕಡೆ ನಿಂತು ಅಪ್ಪನಿಗೆ ಕಾಲು ಬರುತ್ತಿಲ್ಲ ಎಂದು ಹೇಳುವುದು ಹೇಗೆ? ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ನನಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: ನನಗೇ ಎಡಗಾಲು ಸರಿ ಇಲ್ಲ.

ಮೆಕ್ಯಾನಿಕ್ ಕೂಡಲೇ ಕ್ಲಚ್ಚನ್ನು ಮರೆತು ವೈದ್ಯನಾದ. ಅವನಿಗೆ ಗಾಡಿಗಿಂತ ಕಾಲಿನಲ್ಲಿ ಆಸಕ್ತಿ ಹೆಚ್ಚು. ಬಿಸಿ ಮರಳಿನ ಶಾಖ, ಹರಳೆಣ್ಣೆ, ಯಾವುದೋ ಸೊಪ್ಪಿನ ಪಟ್ಟು ಎಲ್ಲ ಹೇಳಿ, ಎಲ್ಲಿ, ನಡೆದು ತೋರಿಸಿ ಎಂದ. ನಡೆದು ತೋರಿಸಿದೆ. ಚೆನ್ನಾಗಿಯೇ ಕುಂಟಿದೆ ಎಂದು ನನ್ನ ಅಭಿಪ್ರಾಯ. ಆದರೆ ನಡುವೆ ಚಹಾ ಬಂತು. ಲೋಟ ಇಟ್ಟು ಎದ್ದಾಗ ಯಾವ ಕಾಲಿನಲ್ಲಿ ಕುಂಟುತ್ತಿದ್ದೆ ಎಂಬುದು ಮರೆತುಹೋಗಿ ಬಲಗಾಲು ಎಳೆದೆ. ಅವನ ಮುಖ ಗಂಭೀರವಾಯಿತು. "ಎರ್ಡೂ ಹೋಗ್ಯಾವಲ್ರೀ" ಎಂದು ನನ್ನ ಕೈ ಹಿಡಿದು ಸೀಟಿಗೆ ಹತ್ತಿಸಿದ.

ಗ್ಯಾರೇಜಿಗೆ ಬಂದ ಸುದ್ದಿ ಅಲ್ಲೇ ಇರುತ್ತದೆಯೇ? ಹೊನ್ನಾಳಿಯ ಗೊಬ್ಬರದಂಗಡಿಯವರು ನನ್ನನ್ನು ಕಂಡು ಕುರ್ಚಿ ಎಳೆದುಕೊಟ್ಟರು. ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿರುವ ಅಕ್ಕ ನನ್ನ ಹೆಂಡತಿಗೆ ಫೋನ್ ಮಾಡಿ, ತಮ್ಮನ ಎರಡು ಕಾಲೂ ಹೋದರೂ ತನಗೊಂದು ಮಾತು ತಿಳಿಸಲಿಲ್ಲವೆಂದು ಅತ್ತಳಂತೆ. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡದೆಯೇ ಕೇಳಿದಳು: "ಹೇಳ್ರಿ, ಏನಾಗೈತೆ ನಿಮ್ಮ ಕಾಲಿಗೆ? ನಂಗೂ ಗೊತ್ತಾಗ್ಲಿ." ನಡೆದದ್ದನ್ನು ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಹಾಗಾದರೆ ಮಾವನವರ ಎದುರಿಗೂ ಕುಂಟಿ, ಇಲ್ಲದಿದ್ದರೆ ಅವರಿಗೆ ಗೊತ್ತಾಗುತ್ತದೆ ಎಂದಳಷ್ಟೇ. ಅಂದಿನಿಂದ ಮನೆಯಲ್ಲೂ ಕುಂಟತೊಡಗಿದೆ. ಕಾಲು ತಪ್ಪಿಹೋಗದಿರಲೆಂದು ಎಡಗಾಲಿನ ಹೆಬ್ಬೆರಳಿಗೆ ಒಂದು ನೂಲು ಕಟ್ಟಿಕೊಂಡೆ.

ಇದರ ನಡುವೆ ನಾನು ಬುದ್ಧಿ ಕಲಿತೆನೇ? ಇಲ್ಲ. ಮೆಕ್ಯಾನಿಕ್ ಸರಿ ಮಾಡಿದ್ದನ್ನು ಮನೆಗೆ ತಂದು ಮತ್ತೆ ನನ್ನ ಲೆಕ್ಕಾಚಾರದಂತೆ ಬಿಗಿದೆ. ಪ್ಲೇ ಚೂರೂ ಇಲ್ಲದಿದ್ದರೆ ಕಾಲು ತೆಗೆದರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಪ್ಲೇಟು ಜಾರುತ್ತ ಸುಡುತ್ತದೆ ಎಂದು ಅವನು ಎಚ್ಚರಿಸಿಯೇ ಕಳಿಸಿದ್ದ. ಆ ಮಾತಿಗಿಂತ ನನಗೆ ಅಪ್ಪನ ತಟ್ಟೆಯ ಅರ್ಧ ರೊಟ್ಟಿ ದೊಡ್ಡದಾಗಿತ್ತು. ಅದೇ ಗಾಡಿಯಲ್ಲಿ ಜಗಳೂರಿಗೆ ಸಸಿ ತುಂಬಿಕೊಂಡು ಹೊರಟೆ. ಏರು ಸಿಕ್ಕಿದ ಕಡೆಯಲ್ಲೆಲ್ಲ ಇಂಜಿನ್ನು ಅಬ್ಬರಿಸುತ್ತದೆ, ಗಾಡಿ ಮಾತ್ರ ಮದುವೆ ಮೆರವಣಿಗೆಯಂತೆ ತೆವಳುತ್ತದೆ. ಒಳಗೆಲ್ಲ ಸುಟ್ಟ ವಾಸನೆ. ಕುರಿ ಹಿಂಡೊಂದು ನನ್ನನ್ನು ಹಿಂದೆ ಹಾಕಿತು, ಕಾಯುವವನು ನನ್ನ ಕಡೆ ನೋಡಿ ಕೈ ಬೀಸಿದ. ರಸ್ತೆ ಬದಿಗೆ ನಿಲ್ಲಿಸಿ, ಆರಿದ ಮೇಲೆ ಅಡಿಗೆ ತೂರಿ, ನಟ್ಟನ್ನು ಸಡಿಲಿಸಿಕೊಂಡು ಅಂತೂ ಹೋಗಿ ಮುಟ್ಟಿದೆ.

ಅಲ್ಲಿ ಸಸಿ ತರಿಸಿಕೊಂಡ ಹಿರಿಯರು, ನಾನು ಇಳಿದು ಕುಂಟುವುದನ್ನು ಕಂಡರು. ನನ್ನನ್ನು ಒಂದು ಚೀಲವನ್ನೂ ಮುಟ್ಟಲು ಬಿಡಲಿಲ್ಲ. ಬೇವಿನ ಮರದಡಿ ಮಂಚ ಹಾಕಿಸಿ ಮಲಗಿಸಿದರು. ಎತ್ತಿನಂಥ ಮೈ ಇಟ್ಟುಕೊಂಡು ನಾನು ಮಜ್ಜಿಗೆ ಕುಡಿಯುತ್ತ ಮಲಗಿದೆ. ನನಗಿಂತ ವಯಸ್ಸಾದವರು ಬಿಸಿಲಲ್ಲಿ ಸಸಿ ಹೊತ್ತರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೊರಡುವಾಗ ಆ ಹಿರಿಯರು ಗುಂಡಿಗಳ ಕಡೆ ಕೈ ತೋರಿಸಿ, "ಮುಂದಿನ ಸಲ ನಿಮ್ಮಪ್ಪಾರನ್ನೇ ಕಳ್ಸ್ರಿ. ಬೈಯಾಕೆ ಯಾರೂ ಇಲ್ದೆ ನಾಟಿ ಮಾಡಾಕೆ ಧೈರ್ಯ ಬರಾದಿಲ್ಲ" ಎಂದರು. ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಇಷ್ಟು ಜನ ಕಾಯುತ್ತಿದ್ದಾರೆ, ನನ್ನಿಂದ ಒಂದು ಪೆಡಲ್ ಸರಿ ಮಾಡಲು ಆಗುತ್ತಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದು ಗಾಡಿ ನಿಲ್ಲಿಸಿ, ನೂಲು ನೋಡಿಕೊಂಡು, ಎಡಗಾಲು ಎಳೆಯುತ್ತ ಅಂಗಳ ದಾಟುತ್ತಿದ್ದೆ. ಅಪ್ಪ ಕುರ್ಚಿಯಿಂದಲೇ ಕರೆದ. ಎದುರಿಗೆ ಕಟ್ಟೆಯ ಮೇಲೆ ಕೂರಲು ಹೇಳಿದ. ನನ್ನ ಮೈ ಬಗ್ಗೆ ಅಪ್ಪ ಕೊನೆಯ ಸಲ ವಿಚಾರಿಸಿದ್ದು ನಾನು ಶಾಲೆಯಲ್ಲಿದ್ದಾಗ ಇರಬೇಕು. ಹಾಗಾಗಿ ಅವನು ಬಾಯಿ ತೆರೆದಾಗ ನನಗೆ ದಿಗಿಲಾಯಿತು.

"ಒತ್ತಾಕೆ ಆಗ್ತೈತಾ?" ಎಂದ.

ನಾನು ತಲೆಯನ್ನು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ರೀತಿಯಲ್ಲಿ ಆಡಿಸಿದೆ.

"ಆಗ್ತೈತೆ. ಒತ್ತಾಕೆ ಏನೂ ಇಲ್ಲ, ಬಲ ಐತೆ. ಎತ್ತಿ ಮ್ಯಾಲಿಡಾದೇ ಕಷ್ಟ. ಮಂಡಿ ಇಷ್ಟು ಮಡಚಿದ ಮ್ಯಾಲೆ ಮುಂದುಕ್ಕೆ ಬರಲ್ಲ. ಪೆಡಲ್ ನೋಡಿದ್ರೆ ಅಲ್ಲೈತೆ, ಕಾಲು ಇಲ್ಲೇ ನಿಂತ್ಕಂತೈತೆ." ಮಾತಾಡುತ್ತ ಅಪ್ಪ ತನ್ನ ಎಡಗಾಲನ್ನೇ ಮಡಚಿ, ಅದು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ಅಂಗೈಯಿಂದ ತೋರಿಸಿದ. ನಂತರ ನನ್ನ ಕಾಲಿನ ಕಡೆ ಗದ್ದ ಆಡಿಸಿ, "ನಿನ್ ಕಾಲಿಗೆ ಪೆಡಲ್ ಇಳಿಸ್ಕಬೇಕು. ನೀನು ಏರಿಸ್ಕಂಡು ಕುಂತಿದೀಯ" ಎಂದ.

ಇಷ್ಟು ದಿನ ಪೆಡಲನ್ನು ಅಪ್ಪನ ಹತ್ತಿರಕ್ಕೆ ತರುತ್ತಿದ್ದೇನೆ ಎಂದುಕೊಂಡು, ದಿನದಿನಕ್ಕೂ ಅವನಿಗೆ ಎಟುಕದ ಹಾಗೆ ಅಟ್ಟದ ಮೇಲೆ ಇಡುತ್ತಿದ್ದೆ. ಒಂದೇ ಒಂದು ಸಲ ಟೈರು ಬಿಟ್ಟು ಅವನ ಕಾಲು ನೋಡಿದ್ದರೆ ತಿಳಿಯುತ್ತಿತ್ತು. ಸರಿ, ನಾಳೆ ನನ್ನ ಕಾಲಿಗೆ ತಕ್ಕಂತೆ ಮಾಡಿಕೊಳ್ಳುತ್ತೇನೆ ಎಂದು ಎದ್ದೆ. ಕುಂಟಲು ಮಾತ್ರ ಮರೆಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಕುರ್ಚಿಯನ್ನು ಗಾಡಿಯ ಪಕ್ಕಕ್ಕೇ ಹಾಕಿಸಿಕೊಂಡ. ನಾನು ಅಡಿಗೆ ಹೋದೆ. ಎತ್ತರದ ಬೋಲ್ಟನ್ನು ತಿರುಗಿಸಿ ಪೆಡಲನ್ನು ತಗ್ಗಿಸಿದೆ. ರಾಡಿನ ನಟ್ಟನ್ನು ಅದಕ್ಕೆ ಸರಿಯಾಗಿ ಹೊಂದಿಸಿ, ಸ್ವಲ್ಪವೇ ಪ್ಲೇ ಉಳಿಸಿದೆ. ಆದರೆ ಪೆಡಲ್ ತಗ್ಗಾಗಿದ್ದರಿಂದ ಒತ್ತಲು ಜಾಗ ಸಾಲದೆ ನೆಲಕ್ಕೆ ತಾಗಿ ನಿಲ್ಲುತ್ತಿತ್ತು. ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರು ಹಾಕಿದರೆ ಗರಗರ ಎನ್ನುತ್ತಿತ್ತು. ಕಾಲಡಿಯ ಮ್ಯಾಟು ತೆಗಿ ಎಂದು ಅಪ್ಪ ಹೇಳಿದ. ತೆಗೆದೆ. ಅದರಡಿ ಇನ್ನೊಂದು ಮ್ಯಾಟು, ಅದರಡಿ ಗೋಣಿ, ಅದರಡಿ ಗಟ್ಟಿಯಾಗಿ ಕೂತ ವರ್ಷಗಳ ಮಣ್ಣು. ಎಲ್ಲ ಕೆರೆದು ತೆಗೆದ ಮೇಲೆ ಜಾಗ ಸಿಕ್ಕಿತು, ಗೇರು ಸದ್ದಿಲ್ಲದೆ ಕೂತಿತು. ನಿನ್ನ ಕಾಲು ಸಲೀಸಾಗಿ ಬರುತ್ತಾ ನೋಡು ಎಂದು ಅಪ್ಪ ಮತ್ತೆ ಮತ್ತೆ ಹತ್ತಿಸಿದ. ನನ್ನ ಗಟ್ಟಿಮುಟ್ಟಾದ ಕಾಲಿಗೆ ಪೆಡಲ್ ಪಾತಾಳದಲ್ಲಿತ್ತು. ಸಲೀಸಾಗಿದೆ ಎಂದೆ.

"ನಂಗೆ ಸರಿ ಹೋತು. ನೀವೂ ಒಂದ್ಸಲ ನೋಡ್ರಪ್ಪ" ಎಂದೆ.

ಅಪ್ಪ ಬಾಗಿಲ ಹಿಡಿ ಹಿಡಿದು ಹತ್ತಿದ. ಈ ಸಲ ನಾನು ಟೈರು ನೋಡಲಿಲ್ಲ. ಪಂಚೆಯ ಅಂಚಿನಿಂದ ಎಡಗಾಲು ಹೊರಬಂತು, ಸ್ವಲ್ಪ ತಡವರಿಸಿತು, ನೆಲದ ಮೇಲೇ ಸರಿದು ಹೋಗಿ ಪೆಡಲಿನ ಮೇಲೆ ಕೂತಿತು. ಒತ್ತಿದ. ಗಾಡಿ ಶುರುವಾಗಿ, ನೆರಳುಬಲೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು. ಹಿಟ್ಟಿನ ಕೈಯಲ್ಲೇ ಅವ್ವ ಹೊರಗೆ ಬಂದು ನಿಂತಿದ್ದಳು. ಅವಳು ಒಳಗೆ ಹೋದ ಮೇಲೆ ಮತ್ತೆ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಅಪ್ಪ ಗಾಡಿ ನಿಲ್ಲಿಸಿ ಸವಳಂಗದ ಸಸಿ ತುಂಬು ಎಂದ.

ನನ್ನ ಬಡ್ತಿ ಅಲ್ಲಿಗೆ ರದ್ದಾಯಿತು. ಮತ್ತೆ ಎಡಗಡೆಯ ಸೀಟು, ತೊಡೆಯ ನಡುವೆ ಹಿಂದೆ ಹಿಡಿಸದ ಸಸಿಗಳು, ಮೂಗಿಗೆ ಚುಚ್ಚುವ ಗರಿ. ಇಷ್ಟು ತಿಂಗಳು ಮಾಲೀಕನಂತೆ ಹಾರ್ನ್ ಹೊಡೆದುಕೊಂಡು ತಿರುಗಿದವನು ನಾನು. ಸ್ವಲ್ಪ ಹೊಟ್ಟೆಯುರಿಯೂ ಆಯಿತೆಂದು ಹೇಳಿಬಿಡುತ್ತೇನೆ. ಹೊನ್ನಾಳಿಯ ಸೇತುವೆಯ ಮೇಲೆ ಅಪ್ಪ ಗೇರು ಬದಲಿಸಿದಾಗ ಸದ್ದೇ ಬರಲಿಲ್ಲ. ನ್ಯಾಮತಿ ದಾಟುವಾಗ ಅಡ್ಡ ಬಂದ ಬೈಕಿನವನಿಗೆ ಕಿಟಕಿಯಿಂದ ತಲೆ ಹಾಕಿ ಮನಸಾರೆ ಬೈದ. ಆ ಬೈಗುಳ ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸವಳಂಗದಲ್ಲಿ ಅಕ್ಕನ ಹೊಲಕ್ಕೆ ಹೋಗುವ ದಾರಿ ಇಕ್ಕಟ್ಟು. ಸಸಿ ಇಳಿಸಬೇಕೆಂದರೆ ಗಾಡಿಯನ್ನು ಹಿಂದಕ್ಕೇ ಒಯ್ಯಬೇಕು, ಒಂದು ಪಕ್ಕ ಕಾಲುವೆ ಇದೆ. ಅಪ್ಪ ನನ್ನ ಕಡೆ ನೋಡದೆ, "ಇಳಿ. ಹಿಂದೆ ನಿಂತ್ಕಂಡು ಹೇಳು" ಎಂದ. ಇಳಿದು ಓಡಿದೆ. ಗಾಡಿಯ ಹಿಂದೆ ನಿಂತು, ಹಲಗೆಯನ್ನು ಕೈಯಿಂದ ತಟ್ಟುತ್ತ, "ಬರ್ಲಿ... ಬರ್ಲಿ... ಬಲಕ್ಕೆ... ಬರ್ಲಿ" ಎಂದು ಕೂಗತೊಡಗಿದೆ. ಕನ್ನಡಿಯಲ್ಲಿ ಅಪ್ಪನ ಕಣ್ಣು ನನ್ನನ್ನೇ ನೋಡುತ್ತಿತ್ತು. ಒಂದು ಗೇಣು ಅತ್ತಿತ್ತ ಆಗದೆ ಗಾಡಿ ಬಂದು ನಿಂತಿತು. ಕೊನೆಯ "ಬರ್ಲಿ"ಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಕೂಗಿದೆ.

ಅಕ್ಕ ಓಡಿ ಬಂದಳು. ಗಾಡಿಯನ್ನಾಗಲಿ ಸಸಿಯನ್ನಾಗಲಿ ನೋಡದೆ ಬಗ್ಗಿ ನನ್ನ ಕಾಲುಗಳನ್ನೇ ಹಿಡಿದುಕೊಂಡು, ಹೀಗೆ ಓಡುತ್ತಿದ್ದೀಯಲ್ಲೋ, ಯಾವ ಔಷಧಿ ಮಾಡಿದೆ ಎಂದು ಕೇಳತೊಡಗಿದಳು. ಆಗಲೇ ನನಗೆ ಹೊಳೆದದ್ದು, ಬೆಳಗಿನಿಂದ ಕುಂಟುವುದನ್ನೇ ಮರೆತಿದ್ದೇನೆ. ಸಸಿಗೆ ಬಿಗಿದಿದ್ದ ಹಗ್ಗದ ಗಂಟು ಬಿಚ್ಚತೊಡಗಿದೆ. ಅಪ್ಪ ಬಾಗಿಲು ತೆಗೆದು, ಮೊದಲು ಬಲಗಾಲು, ಆಮೇಲೆ ಎಡಗಾಲು ಇಳಿಸಿ ನಿಂತ.

"ಅವನ್ ಕಾಲಿಗೆ ಏನೂ ಆಗಿರ್ಲಿಲ್ಲ ಬಿಡವ್ವ" ಎಂದ ಅಕ್ಕನಿಗೆ. "ಕಾಲು ಬರ್ದೇ ಇದ್ದದ್ದು ನಂದು. ಇವ್ನು ನನ್ ಬದ್ಲಿ ಕುಂಟ್ತಿದ್ದ."

ಅಕ್ಕ ನನ್ನ ಕಾಲು ಬಿಟ್ಟು ಎದ್ದಳು. ಕೂಲಿಯವರೂ ನಿಂತು ನೋಡಿದರು. ಅಪ್ಪ ಗುಂಡಿ ಎಲ್ಲಿ ತೆಗೆದಿದ್ದೀರಿ ಎಂದು ಕೇಳಿ, ಎಡಗಾಲನ್ನು ಸ್ವಲ್ಪ ಎಳೆಯುತ್ತ, ಎಲ್ಲರ ಎದುರಿಗೇ ಹೊಲದೊಳಕ್ಕೆ ನಡೆದುಕೊಂಡು ಹೋದ.